ಮೂಗಿನಲ್ಲಿ ಪಾಲಿಪ್: ಲಕ್ಷಣ, ಔಷಧ, ಎಂಡೋಸ್ಕೋಪಿಕ್ ಆಪರೇಷನ್ ಮತ್ತು ಆಮೇಲಿನ ಆರೈಕೆ

‘ಮೂಗಿನಲ್ಲಿ ಮಾಂಸ ಬೆಳೆದಿದೆ, ಆಪರೇಷನ್ ಮಾಡಿಸಬೇಕು’ ಎಂದು ವೈದ್ಯರು ಹೇಳಿದರೆ, ಸಂಜೆಯೊಳಗೆ ಯಾರಾದರೊಬ್ಬರು ‘ಮಾಡಿಸಿದರೂ ಮತ್ತೆ ಬೆಳೆಯುತ್ತಂತೆ’ ಎಂದಿರುತ್ತಾರೆ. ಎರಡು ಮಾತೂ ಸುಳ್ಳಲ್ಲ. ಕಾಯಿಲೆಯ ಮೂಲ ಇರುವುದು ಮೂಗು ಮತ್ತು ಅದರ ಸುತ್ತಲಿನ ಮೂಳೆಗಳೊಳಗಿನ ಪೊಳ್ಳುಗಳಾದ ಸೈನಸ್‌ಗಳ ಒಳಪೊರೆಯಲ್ಲಿ. ಆ ಪೊರೆ ತಿಂಗಳುಗಟ್ಟಲೆ ಉರಿಯೂತದಿಂದ ಊದಿ, ನೀರು ತುಂಬಿಕೊಂಡು ಜೋತುಬಿದ್ದಾಗ ಪಾಲಿಪ್ ಆಗುತ್ತದೆ. ಆಪರೇಷನ್ನಿನಲ್ಲಿ ಜೋತುಬಿದ್ದ ಮಾಂಸ ತೆಗೆದು, ಮುಚ್ಚಿಹೋದ ಸೈನಸ್ ದ್ವಾರಗಳನ್ನು ಅಗಲ ಮಾಡುತ್ತಾರೆ. ಪೊರೆಯ ಸ್ವಭಾವ ಮಾತ್ರ ಹಾಗೆಯೇ ಉಳಿಯುತ್ತದೆ. ಅದನ್ನು ಹತೋಟಿಯಲ್ಲಿಡುವುದು ದಿನನಿತ್ಯದ ಉಪ್ಪುನೀರು ಮತ್ತು ಸ್ಟೀರಾಯ್ಡ್ ಸ್ಪ್ರೇ. ದ್ವಾರ ಅಗಲವಾದರೆ ಆ ಔಷಧ ಒಳಗೆ ತಲುಪುತ್ತದೆ, ಆಪರೇಷನ್ನಿನ ದೊಡ್ಡ ಲಾಭವೇ ಅದು. ಹೀಗಾಗಿ ಈ ಲೇಖನದಲ್ಲಿ ಆಪರೇಷನ್ ಥಿಯೇಟರಿಗಿಂತ ಮನೆಯ ಬೇಸಿನ್ ಮುಂದೆ ನಡೆಯುವ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಬರೀ ನೆಗಡಿಯೋ, ದೀರ್ಘಕಾಲದ ಸೈನಸೈಟಿಸ್ಸೋ?

ಸಾಮಾನ್ಯ ನೆಗಡಿ ಹತ್ತು ದಿನದಲ್ಲಿ ಇಳಿಯುತ್ತದೆ. ತೊಂದರೆ 12 ವಾರ ದಾಟಿದರೆ ಅದನ್ನು ದೀರ್ಘಕಾಲದ ಸೈನಸೈಟಿಸ್ (ಸೈನಸ್ ಪೊರೆಯ ಉರಿಯೂತ) ಎಂದು ಪರಿಗಣಿಸಿ ಪರೀಕ್ಷೆ ಮಾಡಬೇಕು. ಮುಖ್ಯ ಲಕ್ಷಣಗಳು ನಾಲ್ಕು. ಮೂಗು ಕಟ್ಟುವುದು, ಮುಂದಕ್ಕೆ ಅಥವಾ ಗಂಟಲಿನೊಳಕ್ಕೆ ಸಿಂಬಳ ಇಳಿಯುವುದು, ಕೆನ್ನೆ-ಹಣೆಯಲ್ಲಿ ಭಾರ ಅಥವಾ ನೋವು, ವಾಸನೆ ತಿಳಿಯದಿರುವುದು. ಇವುಗಳಲ್ಲಿ ಕನಿಷ್ಠ ಎರಡು ಇರಬೇಕು, ಆ ಎರಡರಲ್ಲಿ ಒಂದು ಮೂಗು ಕಟ್ಟುವುದೋ ಸಿಂಬಳವೋ ಆಗಿರಬೇಕು. ಜೊತೆಗೆ ಎಂಡೋಸ್ಕೋಪ್ ಎಂಬ ತೆಳು ದುರ್ಬೀನು ಅಥವಾ ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಯಿಲೆ ಕಣ್ಣಿಗೆ ಕಾಣಬೇಕು. ಲಕ್ಷಣಗಳನ್ನಷ್ಟೇ ಕೇಳಿಕೊಂಡು ಆಪರೇಷನ್‌ಗೆ ದಿನ ಕೊಡುವ ಕಡೆ ಎಚ್ಚರದಿಂದಿರಿ.

ಪಾಲಿಪ್ ಇದ್ದವರಲ್ಲಿ ನೋವು ಅಷ್ಟಾಗಿ ಇರುವುದಿಲ್ಲ. ಅವರನ್ನು ಕಾಡುವುದು ಎರಡೂ ಹೊಳ್ಳೆ ಕಟ್ಟಿಕೊಂಡು ಬಾಯಲ್ಲಿ ಉಸಿರಾಡುವುದು, ರಾತ್ರಿ ಗೊರಕೆ, ಮಾತು ಮೂಗಿನೊಳಗೇ ಉಳಿದಂತಾಗುವುದು, ಎಲ್ಲಕ್ಕಿಂತ ಹೆಚ್ಚಾಗಿ ವಾಸನೆ ಹೋಗುವುದು. ತಲೆನೋವೇ ಪ್ರಧಾನವಾಗಿದ್ದು ಮೂಗು ಸಲೀಸಾಗಿದ್ದರೆ ಸೈನಸ್ ಮೇಲೆ ಅನುಮಾನ ಪಡುವ ಮೊದಲು ಮೈಗ್ರೇನ್ ಪರೀಕ್ಷಿಸಿಕೊಳ್ಳಿ. ‘ಸೈನಸ್ ತಲೆನೋವು’ ಎಂದುಕೊಂಡು ವರ್ಷಗಟ್ಟಲೆ ಆಂಟಿಬಯಾಟಿಕ್ ನುಂಗಿದ ಬಹಳ ಜನರಿಗೆ ಇರುವುದು ಮೈಗ್ರೇನ್.

ವಾಸನೆಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಣ್ಣು ಮುಚ್ಚಿ, ಒಂದು ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದರ ಹತ್ತಿರ ಬೇರೆಯವರಿಂದ ಕಾಫಿಪುಡಿ ಹಿಡಿಸಿಕೊಳ್ಳಿ. ಆಮೇಲೆ ಇಂಗು, ಏಲಕ್ಕಿ. ಎರಡೂ ಕಡೆ ಬೇರೆಬೇರೆಯಾಗಿ ನೋಡಿ. ವಿಕ್ಸ್, ಅಮೃತಾಂಜನದಂಥವನ್ನು ಬಳಸಬೇಡಿ. ಅವು ಬೇರೆ ನರವನ್ನು ಚುರುಗುಟ್ಟಿಸುವುದರಿಂದ ವಾಸನೆ ಪೂರ್ತಿ ಹೋದವರಿಗೂ ‘ಗೊತ್ತಾಯಿತು’ ಅನಿಸುತ್ತದೆ. ವಾಸನೆ ಹೋದವರ ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತಿರುತ್ತದೆ, ಆದರೆ ಸಾರು ಯಾವುದು, ಸಾಂಬಾರ್ ಯಾವುದು ಎಂಬ ಪರಿಮಳದ ವ್ಯತ್ಯಾಸ ಸಿಗುವುದಿಲ್ಲ. ಇಂಥವರ ಅಡುಗೆಮನೆಯಲ್ಲಿ ಗ್ಯಾಸ್ ಸೋರಿದರೆ ಸದ್ದು ಮಾಡುವ ಅಲಾರಂ ಹಾಕಿಸುವುದು ಒಳ್ಳೆಯದು. ಹಳಸಿದ ಅನ್ನದ ವಿಚಾರದಲ್ಲೂ ಮನೆಯ ಇನ್ನೊಬ್ಬರ ಮೂಗನ್ನೇ ನಂಬಬೇಕು.

ಕನ್ನಡಿ ಮುಂದೆ ಟಾರ್ಚ್ ಹಿಡಿದು ನೋಡಿ ‘ಮಾಂಸ ಕಾಣುತ್ತಿದೆ’ ಎಂದು ಗಾಬರಿಯಾಗುವವರು ಬಹಳ. ಹಾಗೆ ಕಾಣುವುದು ಹೆಚ್ಚಾಗಿ ಎಲ್ಲರ ಮೂಗಿನಲ್ಲೂ ಇರುವ, ಪೊರೆ ಹೊದ್ದ ಮೂಳೆಯ ಮಡಿಕೆಯಾದ ಟರ್ಬಿನೇಟ್. ಅದು ಗುಲಾಬಿ ಅಥವಾ ಕೆಂಪು ಬಣ್ಣದ್ದು, ಮುಟ್ಟಿದರೆ ನೋಯುತ್ತದೆ. ಪಾಲಿಪ್ ಸಿಪ್ಪೆ ಸುಲಿದ ಬಿಳಿದ್ರಾಕ್ಷಿಯಂತೆ ಪೇಲವವಾಗಿ, ಹೊಳೆಹೊಳೆಯುತ್ತ ಇರುತ್ತದೆ. ವೈದ್ಯರು ಸಲಾಕೆಯಿಂದ ಸರಿಸಿದರೂ ಅದಕ್ಕೆ ನೋವು ತಿಳಿಯದು.

ಕಾಯದೆ ಹೋಗಬೇಕಾದ ಸಂದರ್ಭಗಳು

ಪಾಲಿಪ್ ಸಾಮಾನ್ಯವಾಗಿ ಎರಡೂ ಕಡೆ ಬೆಳೆಯುತ್ತದೆ. ಒಂದೇ ಕಡೆ ಕಟ್ಟಿದ್ದರೆ, ಅದರಲ್ಲೂ ರಕ್ತ ಬರುತ್ತಿದ್ದರೆ, ಅದು ಇನ್ವರ್ಟೆಡ್ ಪ್ಯಾಪಿಲೋಮ ಎಂಬ ಗೆಡ್ಡೆಯೋ ಕ್ಯಾನ್ಸರೋ ಫಂಗಸ್ಸೋ ಆಗಿರಬಹುದು. ಅಂಥಲ್ಲಿ ಸ್ಕ್ಯಾನ್ ಮತ್ತು ಬಯಾಪ್ಸಿ ಆಗಲೇಬೇಕು. ಮಕ್ಕಳ ಮೂಗಿನಲ್ಲಿ ಒಂದೇ ಕಡೆ ಗಂಟು ಕಂಡರೆ ಸ್ಕ್ಯಾನ್ ಆಗುವ ಮೊದಲು ತುಂಡು ತೆಗೆಯಕೂಡದು, ಅದು ಮಿದುಳಿನ ಪೊರೆ ಕೆಳಗೆ ಜಾರಿ ಬಂದದ್ದೂ ಇರಬಹುದು. ಕೆನ್ನೆ ಊದಿದೆ, ಮೇಲಿನ ಹಲ್ಲು ಅಲ್ಲಾಡುತ್ತಿದೆ, ಎರಡೆರಡಾಗಿ ಕಾಣುತ್ತಿದೆ, ಕಣ್ಣು ಮುಂದಕ್ಕೆ ಬಂದಿದೆ, ಜ್ವರದ ಜೊತೆ ಕತ್ತು ಬಿಗಿದಿದೆ ಎಂದಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಮುಖದ ಒಂದು ಭಾಗ ಜೋಮು ಹಿಡಿದು ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಗಂಟೆಗಳ ಲೆಕ್ಕ ಶುರುವಾಯಿತೆಂದೇ ತಿಳಿಯಿರಿ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕರ್ನಾಟಕ ಕಂಡ ಮ್ಯೂಕರ್‌ಮೈಕೋಸಿಸ್, ಅಂದರೆ ಜನ ಕಪ್ಪು ಶಿಲೀಂಧ್ರ ಎಂದು ಕರೆದದ್ದು, ಹೀಗೆಯೇ ಶುರುವಾಗುತ್ತಿತ್ತು.

ಯಾವ ಪರೀಕ್ಷೆ, ಯಾವಾಗ

ಮೊದಲನೆಯದು ಮೂಗಿನ ಎಂಡೋಸ್ಕೋಪಿ. ಮರಗಟ್ಟಿಸುವ ಔಷಧ ಹಾಕಿ ತೆಳುವಾದ ದುರ್ಬೀನು ತೂರಿಸಿ ನೋಡುತ್ತಾರೆ. ಐದು ನಿಮಿಷದ ಕೆಲಸ, ಉಪವಾಸ ಬೇಕಿಲ್ಲ. ಮಾಮೂಲಿ ಎಕ್ಸ್‌ರೇಯಿಂದ ಇಲ್ಲಿ ಹೆಚ್ಚೇನೂ ತಿಳಿಯುವುದಿಲ್ಲ, ಅದಕ್ಕೆ ದುಡ್ಡು ಕೊಡಬೇಡಿ.

ಸಿ.ಟಿ. ಸ್ಕ್ಯಾನ್ ಬೇಕಾಗುವುದು ಔಷಧ ಕೊಟ್ಟು ನೋಡಿದ ಮೇಲೆ. ಜೋರು ನೆಗಡಿ ಇದ್ದಾಗ ತೆಗೆಸಿದರೆ ಎಲ್ಲರ ಸೈನಸ್ಸೂ ಮಬ್ಬಾಗಿಯೇ ಕಾಣುತ್ತದೆ. ಸ್ಕ್ಯಾನ್ ವರದಿಯಲ್ಲಿ ‘ಲಂಡ್–ಮ್ಯಾಕೆ’ ಅಂಕ ಬರೆದಿದ್ದರೆ, ಅದು 0ಯಿಂದ 24ರವರೆಗಿನ ಲೆಕ್ಕ. ಹೆಚ್ಚಿದ್ದಷ್ಟೂ ಹೆಚ್ಚು ಸೈನಸ್ ತುಂಬಿದೆ ಎಂದರ್ಥ. ಅಂಕ ಹೆಚ್ಚಿದ್ದರೂ ತೊಂದರೆ ಕಡಿಮೆ ಇರುವವರಿದ್ದಾರೆ, ಅಂಕ ನೋಡಿಯೇ ಆಪರೇಷನ್ ನಿರ್ಧರಿಸುವುದಿಲ್ಲ. ತೊಂದರೆಯನ್ನು ಅಳೆಯಲು ‘ಸ್ನಾಟ್–22’ ಎಂಬ 22 ಪ್ರಶ್ನೆಗಳ ಪಟ್ಟಿ ಇದೆ, ಒಂದೊಂದಕ್ಕೂ 0ಯಿಂದ 5 ಅಂಕ. ಔಷಧದ ಮೊದಲು, ಆಪರೇಷನ್ ಮೊದಲು, ಆಮೇಲೆ 3 ತಿಂಗಳಿಗೆ ತುಂಬಿಸಿಟ್ಟುಕೊಂಡರೆ ಗುಣವಾಗಿದೆಯೋ ಇಲ್ಲವೋ ಎಂಬ ಗೊಂದಲ ಉಳಿಯುವುದಿಲ್ಲ.

ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣದ ಎಣಿಕೆ ಮಾಡಿಸಿ. ಅದು ಹೆಚ್ಚಿದ್ದವರಲ್ಲಿ ಪಾಲಿಪ್ ಮರುಕಳಿಸುವ ಸಂಭವ ಹೆಚ್ಚು. ದಮ್ಮು ಅಥವಾ ಉಬ್ಬಸ ಇದ್ದರೆ ಹೇಳಿ. ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಿದ ಒಂದೆರಡು ಗಂಟೆಯಲ್ಲಿ ಮೂಗು ಕಟ್ಟಿ ಉಬ್ಬಸ ಬಂದದ್ದು ನೆನಪಿದ್ದರೆ ಅದನ್ನು ತಪ್ಪದೆ ಹೇಳಿ. ಪಾಲಿಪ್, ಆಸ್ತಮಾ, ಆಸ್ಪಿರಿನ್ ಒಗ್ಗದಿರುವುದು ಈ ಮೂರೂ ಒಟ್ಟಿಗಿದ್ದರೆ ಅದಕ್ಕೆ ಸ್ಯಾಮ್ಟರ್ ತ್ರಿಕೂಟ ಎನ್ನುತ್ತಾರೆ. ಪಾಲಿಪ್ ಹಟ ಮಾಡಿ ಮತ್ತೆಮತ್ತೆ ಬರುವುದು ಇಂಥವರಲ್ಲೇ, ಆಪರೇಷನ್ ಆದ ಮೇಲೆ ತಪ್ಪಾದ ನೋವಿನ ಮಾತ್ರೆ ಕೊಟ್ಟರೆ ಅಪಾಯವಾಗುವುದೂ ಇವರಿಗೇ.

ಔಷಧ: ಸರಿಯಾಗಿ ಮಾಡಿದರೆ ಮಾತ್ರ ಲೆಕ್ಕಕ್ಕೆ

ಔಷಧಕ್ಕೆ ಗುಣವಾಗಲಿಲ್ಲ ಎನ್ನುವವರನ್ನು ಸ್ಪ್ರೇ ಹೊಡೆದು ತೋರಿಸಿ ಎಂದರೆ ಅರ್ಧಕ್ಕರ್ಧ ಮಂದಿ ತಪ್ಪಾಗಿ ಹೊಡೆಯುತ್ತಾರೆ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ.

ಉಪ್ಪುನೀರು. ಒಂದು ಲೀಟರ್ ನೀರನ್ನು ಕುದಿ ಬಂದ ಮೇಲೂ ಕನಿಷ್ಠ 1 ನಿಮಿಷ ಮರಳಿಸಿ, ಮುಚ್ಚಿಟ್ಟು ಉಗುರುಬೆಚ್ಚಗಾಗಿಸಿ. ಅದಕ್ಕೆ 9 ಗ್ರಾಂ ಉಪ್ಪು ಹಾಕಿ. ಪುಡಿ ಉಪ್ಪಾದರೆ ಅಂಚು ಸಮ ಮಾಡಿದ ಒಂದೂವರೆ ಟೀ ಚಮಚ. ಅಯೋಡಿನ್ ಸೇರಿಸದ ಉಪ್ಪು ಸಿಕ್ಕರೆ ಒಳ್ಳೆಯದು, ಕೆಲವರಿಗೆ ಅಯೋಡಿನ್ ಉಪ್ಪು ಉರಿಸುತ್ತದೆ. ಅರ್ಧ ಟೀ ಚಮಚ ಅಡುಗೆ ಸೋಡಾ ಸೇರಿಸಿದರೆ ಉರಿ ಕಡಿಮೆ, ಗಟ್ಟಿ ಸಿಂಬಳವೂ ಸಡಿಲವಾಗುತ್ತದೆ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದು ಬೇಡ. ಉಪ್ಪು ಹೆಚ್ಚಾದರೆ ಉರಿಯುತ್ತದೆ, ಕಡಿಮೆಯಾದರೂ ಉರಿಯುತ್ತದೆ. ನದಿಯಲ್ಲಿ ಈಜುವಾಗ ಮೂಗಿಗೆ ನೀರು ನುಗ್ಗಿದರೆ ಉರಿಯುವುದು ಅದಕ್ಕೇ. ಅಳತೆ ಸರಿಯಿದ್ದರೆ ಮೂಗಿಗೆ ನೀರು ಹೋದದ್ದೇ ತಿಳಿಯದು. ಮಿಕ್ಕ ನೀರನ್ನು 24 ಗಂಟೆಯ ಮೇಲೆ ಚೆಲ್ಲಿ. ಔಷಧದಂಗಡಿಯ ಸ್ಯಾಶೆ ಬಳಸುವವರೂ ನೀರು ಮಾತ್ರ ಕುದಿಸಲೇಬೇಕು.

ನಲ್ಲಿ, ಬಾವಿ, ಬೋರ್‌ವೆಲ್ ನೀರನ್ನು ಹಾಗೆಯೇ ಮೂಗಿಗೆ ಬಿಡುವುದನ್ನು ನಾವು ಕೈಮುಗಿದು ಬೇಡ ಎನ್ನುತ್ತೇವೆ. ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹತ್ತಬಲ್ಲದು, ಹತ್ತಿದರೆ ಬದುಕುವವರು ಕಡಿಮೆ. ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಬರುವ ಮಿದುಳುಜ್ವರದ ಪ್ರಕರಣಗಳು ವರದಿಯಾಗಿವೆ. ಜಲನೇತಿ ಮಾಡುವವರಿಗೂ ಇದೇ ನಿಯಮ. ನೇತಿ ಪಾತ್ರೆ ತಾಮ್ರದ್ದೋ ಪ್ಲಾಸ್ಟಿಕ್ಕಿನದೋ ಎನ್ನುವುದು ಮುಖ್ಯವಲ್ಲ, ನೀರು ಕುದಿದಿದೆಯೇ, ಉಪ್ಪಿನ ಅಳತೆ ಸರಿಯಿದೆಯೇ ಎನ್ನುವುದೇ ಮುಖ್ಯ.

ತೊಳೆಯಲು 200ರಿಂದ 250 ಮಿ.ಲೀ. ಹಿಡಿಯುವ, ಒತ್ತಿದರೆ ಚಿಮ್ಮುವ ಬಾಟಲಿ ಸಾಕು. ಬೇಸಿನ್ ಮೇಲೆ ಮುಂದಕ್ಕೆ ಬಾಗಿ, ಬಾಯಿ ತೆರೆದು, ಬಾಟಲಿಯ ತುದಿಯನ್ನು ಹೊಳ್ಳೆಗೆ ಒತ್ತಿ ಮೆಲ್ಲಗೆ ಅದುಮಿ. ಅದುಮುವಾಗ ‘ಕಕಕ’ ಎನ್ನುತ್ತಿದ್ದರೆ ಗಂಟಲಿನ ಹಿಂಬದಿ ಮುಚ್ಚಿಕೊಂಡು ನೀರು ಬಾಯಿಗೆ ಇಳಿಯುವುದಿಲ್ಲ. ಅರ್ಧ ಬಾಟಲಿ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಮುಗಿದ ಮೇಲೆ ತಲೆ ಬಗ್ಗಿಸಿಯೇ ಎಡಕ್ಕೆ ಬಲಕ್ಕೆ ಹೊರಳಿಸಿ ಉಳಿದ ನೀರು ಇಳಿಸಿ. ಇಲ್ಲದಿದ್ದರೆ ಗಂಟೆ ಬಿಟ್ಟು ಊಟಕ್ಕೆ ಬಗ್ಗಿದಾಗ ಎಲೆಯ ಮೇಲೆ ಸುರಿಯುತ್ತದೆ. ಎರಡೂ ಹೊಳ್ಳೆ ಒತ್ತಿ ಹಿಡಿದು ಸೀದಬೇಡಿ, ನೀರು ಕಿವಿಗೆ ನುಗ್ಗುತ್ತದೆ. ಬಾಟಲಿಯನ್ನು ದಿನಾ ಸೋಪಿನಲ್ಲಿ ತೊಳೆದು ಒಣಗಿಸಿ, ಮೂರು ತಿಂಗಳಿಗೊಮ್ಮೆ ಹೊಸದು ಕೊಳ್ಳಿ.

ಸ್ಪ್ರೇ. ತೊಳೆದು 15-20 ನಿಮಿಷ ಬಿಟ್ಟು ಹೊಡೆಯಿರಿ. ಪಾಲಿಪ್‌ಗೆ ಸಾಮಾನ್ಯವಾಗಿ ಬರೆಯುವ ಮೊಮೆಟಾಸೋನ್ ಒಂದು ಪಫ್‌ಗೆ 50 ಮೈಕ್ರೋಗ್ರಾಂ ಬರುತ್ತದೆ. ದೊಡ್ಡವರಿಗೆ ಪ್ರತಿ ಹೊಳ್ಳೆಗೆ 2 ಪಫ್, ದಿನಕ್ಕೆ ಎರಡು ಸಲ ಎಂಬುದು ರೂಢಿಯ ಪ್ರಮಾಣ, ನಿಮ್ಮ ಚೀಟಿಯಲ್ಲಿ ಬೇರೆ ಇದ್ದರೆ ಚೀಟಿಯ ಪ್ರಕಾರ ನಡೆಯಿರಿ. ತಲೆ ಹಿಂದಕ್ಕೆ ಎತ್ತಬೇಡಿ, ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹಾಗೆ ಹಿಡಿದಾಗ ತುದಿ ತಾನಾಗಿ ಹೊರಗೋಡೆಯ ಕಡೆ, ಅದೇ ಬದಿಯ ಕಣ್ಣಿನ ಹೊರಮೂಲೆಯ ದಿಕ್ಕಿಗೆ ತಿರುಗುತ್ತದೆ. ಅದೇ ಬದಿಯ ಕೈಯಿಂದ ಹೊಡೆದರೆ ಔಷಧ ನಡುಗೋಡೆಗೆ ಬಡಿಯುತ್ತದೆ. ಅಲ್ಲಿ ಪೊರೆ ಒಣಗಿ ರಕ್ತ ಒಸರಿದಾಗ ‘ಸ್ಪ್ರೇ ಒಗ್ಗಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಜೋರಾಗಿ ಒಳಕ್ಕೆ ಎಳೆದುಕೊಳ್ಳಬೇಡಿ, ಔಷಧ ಗಂಟಲಿಗೆ ಹೋಗಿ ವ್ಯರ್ಥ. ಬಾಯಲ್ಲಿ ಕಹಿ ಬಂದರೆ ಎಳೆದದ್ದು ಜಾಸ್ತಿಯಾಯಿತು ಎಂದು ತಿಳಿಯಿರಿ. ಪರಿಣಾಮ ಕಾಣಲು ವಾರಗಳು ಬೇಕು, ಎರಡು ದಿನದಲ್ಲಿ ಏನೂ ಆಗಲಿಲ್ಲವೆಂದು ನಿಲ್ಲಿಸಬೇಡಿ. ‘ಸ್ಟೀರಾಯ್ಡ್’ ಎಂಬ ಪದಕ್ಕೆ ಹೆದರುವವರಿಗೆ ಹೇಳಬೇಕಾದ ಮಾತು: ಮೊಮೆಟಾಸೋನ್, ಫ್ಲುಟಿಕಾಸೋನ್ ಸ್ಪ್ರೇಗಳಿಂದ ರಕ್ತಕ್ಕೆ ಸೇರುವ ಪ್ರಮಾಣ ತೀರಾ ಕಡಿಮೆ, ವರ್ಷಗಟ್ಟಲೆ ಬಳಸಬಹುದು.

ಮಾತ್ರೆಯ ಸ್ಟೀರಾಯ್ಡ್ ಸಂಗತಿ ಬೇರೆ. ಪ್ರೆಡ್ನಿಸೊಲೋನ್ ಕೆಲವು ದಿನ, ಹೆಚ್ಚೆಂದರೆ ಎರಡು ವಾರ ಕೊಟ್ಟಾಗ ಪಾಲಿಪ್ ಕುಗ್ಗಿ ವಾಸನೆ ಮರಳುತ್ತದೆ, ನಿಲ್ಲಿಸಿದ ಕೆಲವು ತಿಂಗಳಲ್ಲಿ ಮತ್ತೆ ಹೋಗುತ್ತದೆ. ಆ ಸುಖದ ನೆನಪಿಗೆ ಹಳೆ ಚೀಟಿ ತೋರಿಸಿ ಅಂಗಡಿಯಲ್ಲಿ ಪದೇ ಪದೇ ಕೊಂಡು ನುಂಗುವವರಿದ್ದಾರೆ. ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದೆ ಎಂದರೆ ಆಪರೇಷನ್ ಬಗ್ಗೆ ಮಾತಾಡುವ ಸಮಯ ಬಂದಿದೆ ಎಂದೇ ಅರ್ಥ. ಒಂದು ಉಪಯುಕ್ತ ಸುಳಿವು: ಮಾತ್ರೆಯಿಂದ ವಾಸನೆ ಮರಳಿದವರಿಗೆ ಆಪರೇಷನ್ನಿನಿಂದಲೂ ಮರಳುವ ಭರವಸೆ ಹೆಚ್ಚು.

ಮೂಗು ತೆರೆಯಲು ಹಾಕುವ ಓಟ್ರಿವಿನ್‌ನಂಥ ಹನಿಗಳನ್ನು 5ರಿಂದ 7 ದಿನಕ್ಕಿಂತ ಹೆಚ್ಚು ಹಾಕಬೇಡಿ. ದಿನ ಕಳೆದಂತೆ ಹನಿ ಇಲ್ಲದೆ ಮೂಗೇ ತೆರೆಯದ ಸ್ಥಿತಿ ಬರುತ್ತದೆ, ಅದು ಪಾಲಿಪ್ ಮೇಲೆ ಇನ್ನೊಂದು ಕಾಯಿಲೆ. ಬಿಸಿನೀರಿನ ಹಬೆಯಿಂದ ಹಾಯೆನಿಸಬಹುದು, ಪಾಲಿಪ್ ಕರಗದು. ನಶ್ಯ ಏರಿಸುವ ಅಭ್ಯಾಸವನ್ನೂ ಬೀಡಿ-ಸಿಗರೇಟನ್ನೂ ನಿಲ್ಲಿಸದೆ ಇಲ್ಲಿ ಹೇಳಿದ ಯಾವುದೂ ನೆಟ್ಟಗೆ ಕೆಲಸ ಮಾಡುವುದಿಲ್ಲ.

ಆಪರೇಷನ್ ಯಾರಿಗೆ

ಮೇಲೆ ಹೇಳಿದಂತೆ ಸರಿಯಾದ ಕ್ರಮದಲ್ಲಿ 2-3 ತಿಂಗಳು ಔಷಧ ಮಾಡಿಯೂ ಮೂಗು ಕಟ್ಟಿಯೇ ಇದ್ದರೆ, ವಾಸನೆ ಬರದಿದ್ದರೆ, ಸ್ಕ್ಯಾನ್‌ನಲ್ಲಿ ಕಾಯಿಲೆ ಉಳಿದಿದ್ದರೆ ಆಪರೇಷನ್ ಸರಿಯಾದ ಹೆಜ್ಜೆ. ಪಾಲಿಪ್ ಒತ್ತಡದಿಂದ ಕಣ್ಣಿಗೆ ತೊಂದರೆ, ಅಲರ್ಜಿಕ್ ಫಂಗಲ್ ಸೈನಸೈಟಿಸ್, ಗೆಡ್ಡೆಯ ಅನುಮಾನ ಇದ್ದಲ್ಲಿ ಅಷ್ಟು ದಿನ ಕಾಯುವುದಿಲ್ಲ. ಅಲರ್ಜಿಕ್ ಫಂಗಲ್ ಬಗೆಯಲ್ಲಿ ಸೈನಸ್ ತುಂಬ ಕಡಲೆಕಾಯಿ ಬೆಣ್ಣೆಯಷ್ಟು ಗಟ್ಟಿಯಾದ ಕಂದು ಲೋಳೆ ತುಂಬಿರುತ್ತದೆ, ಯಾವ ಸ್ಪ್ರೇಯೂ ಅದನ್ನು ಕದಲಿಸದು.

ಹಿಂದಿನ ಕಾಲದಲ್ಲಿ ತಂತಿಯ ಕುಣಿಕೆಗೆ ಸಿಕ್ಕಿಸಿ ಕಂಡಷ್ಟು ಪಾಲಿಪ್ ಎಳೆದು ತೆಗೆಯುತ್ತಿದ್ದರು. ಬೇರು ಕಣ್ಣುಗಳ ನಡುವಿನ ಎತ್ಮಾಯ್ಡ್ ಕೋಶಗಳಲ್ಲೇ ಉಳಿಯುವುದರಿಂದ ಬೇಗ ಮರಳುತ್ತಿತ್ತು. ‘ಮತ್ತೆ ಬೆಳೆಯುತ್ತೆ’ ಎಂಬ ಮಾತಿಗೆ ಬಲ ಬಂದದ್ದರಲ್ಲಿ ಆ ಪದ್ಧತಿಯ ಪಾಲು ದೊಡ್ಡದು. ಈಗಿನ ಪದ್ಧತಿಯ ಬುನಾದಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಹಾಕಿದ್ದು. ಸೈನಸ್‌ನ ಸೂಕ್ಷ್ಮ ರೋಮಗಳು ಲೋಳೆಯನ್ನು ಸದಾ ಅದರ ಸಹಜ ದ್ವಾರದ ಕಡೆಗೇ ತಳ್ಳುತ್ತವೆ, ಬೇರೆ ಕಡೆ ತೂತು ಕೊರೆದರೂ ಅತ್ತ ತಳ್ಳುವುದಿಲ್ಲ ಎಂದು ಅವರು ತೋರಿಸಿಕೊಟ್ಟರು. ಹಾಗಾಗಿ ಸಹಜ ದ್ವಾರವನ್ನೇ ಅಗಲ ಮಾಡಬೇಕು. ಅವರ ಶಿಷ್ಯ ಹೈನ್ಸ್ ಸ್ಟಾಮ್‌ಬರ್ಗರ್, ಅಮೆರಿಕದ ಡೇವಿಡ್ ಕೆನಡಿ ಇದನ್ನು ಲೋಕಕ್ಕೆ ಹರಡಿದರು. 1985ರಲ್ಲಿ ಬಂದ ಫಂಕ್ಷನಲ್ ಎಂಡೋಸ್ಕೋಪಿಕ್ ಸೈನಸ್ ಸರ್ಜರಿ ಎಂಬ ಹೆಸರೇ ಇಂದು ಆಸ್ಪತ್ರೆಗಳಲ್ಲಿ ‘ಫೆಸ್’ ಆಗಿದೆ.

ದಿನ ಗೊತ್ತಾದ ಮೇಲೆ

ಮೊದಲು ದುಡ್ಡಿನ ವಿಷಯ ಬಗೆಹರಿಸಿಕೊಳ್ಳಿ. ಬಹಳಷ್ಟು ಖಾಸಗಿ ವಿಮೆಗಳಲ್ಲಿ ಸೈನಸೈಟಿಸ್, ಮೂಗಿನ ನಡುಗೋಡೆ ವಕ್ರತೆ ಇವಕ್ಕೆ 24 ತಿಂಗಳವರೆಗೆ ಕಾಯುವ ಅವಧಿ ಇರುತ್ತದೆ, ಪಾಲಿಸಿ ಓದಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ನಿಮ್ಮ ಆಪರೇಷನ್ ಯಾವ ಪ್ಯಾಕೇಜಿಗೆ ಬರುತ್ತದೆ, ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕೇಳಿ.

ಬಿ.ಪಿ., ಸಕ್ಕರೆ, ಆಸ್ತಮಾ ಮೂರೂ ಹತೋಟಿಯಲ್ಲಿರಬೇಕು. ಬಿ.ಪಿ. ಏರಿದ್ದರೆ ರಕ್ತ ಹೆಚ್ಚು ಹರಿದು ದುರ್ಬೀನಿನಲ್ಲಿ ಏನೂ ಕಾಣದು. ಕಾಣದಿದ್ದಾಗಲೇ ಕಣ್ಣು, ಮಿದುಳಿನ ತಳದ ಕಡೆ ತಪ್ಪಾಗುವ ಸಂಭವ. ಹೃದಯಕ್ಕಾಗಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಬೇಡಿ, ಎಷ್ಟು ದಿನ ಮೊದಲು ನಿಲ್ಲಿಸಬೇಕು, ನಿಲ್ಲಿಸಬಹುದೇ ಎಂದು ಹೃದ್ರೋಗ ವೈದ್ಯರೇ ಹೇಳಬೇಕು. ಸ್ಟೆಂಟ್ ಹೊಸದಾಗಿದ್ದರೆ ಆಪರೇಷನ್ನನ್ನೇ ಮುಂದಕ್ಕೆ ಹಾಕುತ್ತಾರೆ. ತೆಗೆದುಕೊಳ್ಳುವ ನಾಟಿ ಔಷಧ, ಮೀನೆಣ್ಣೆ ಗುಳಿಗೆ, ಬೆಳ್ಳುಳ್ಳಿ ಗುಳಿಗೆ ಎಲ್ಲದರ ಪಟ್ಟಿ ಕೊಡಿ. ಒಂದು ವಾರ ಮೊದಲಿನಿಂದ ಪ್ರೆಡ್ನಿಸೊಲೋನ್ ಕೊಡುವುದುಂಟು, ಪಾಲಿಪ್ ಕುಗ್ಗಿ ರಕ್ತಸ್ರಾವ ಕಡಿಮೆಯಾಗಲಿ ಎಂದು. ಅರಿವಳಿಕೆ ಕೊಡುವ ಮುಂಚೆ ಗಟ್ಟಿ ಆಹಾರಕ್ಕೆ 6 ಗಂಟೆ, ತಿಳಿನೀರಿಗೆ 2 ಗಂಟೆ ಅಂತರ ಬೇಕು. ಹಾಲು ಹಾಕಿದ ಕಾಫಿ ತಿಳಿನೀರಿನ ಲೆಕ್ಕಕ್ಕೆ ಬರುವುದಿಲ್ಲ.

ಶಸ್ತ್ರವೈದ್ಯರನ್ನು ಎರಡು ಪ್ರಶ್ನೆ ಧಾರಾಳವಾಗಿ ಕೇಳಿ. ನನ್ನ ಸ್ಕ್ಯಾನ್‌ನಲ್ಲಿ ಮಿದುಳಿನ ತಳದ ಮೂಳೆ ಎಷ್ಟು ಕೆಳಗಿಳಿದಿದೆ, ಕಣ್ಣಿನ ಗೋಡೆಯಲ್ಲಿ ಎಲ್ಲಾದರೂ ಬಿರುಕಿದೆಯೇ? ಆಮೇಲೆ ಹಕ್ಕಳೆ ತೆಗೆಯಲು ಎಷ್ಟು ಸಲ ಬರಬೇಕು? ಎರಡಕ್ಕೂ ಸ್ಕ್ಯಾನ್ ಹಿಡಿದು ಉತ್ತರಿಸುವವರ ಕೈಯಲ್ಲಿ ನೀವು ಸುರಕ್ಷಿತ. ಕೊಲ್ಲಿ ದೇಶಗಳಿಂದ ರಜೆ ಮೇಲೆ ಬಂದು ಮಾಡಿಸಿಕೊಳ್ಳುವ ಕರಾವಳಿಯವರು ಕನಿಷ್ಠ 4 ವಾರ ರಜೆ ಇಟ್ಟುಕೊಳ್ಳಿ. ಹತ್ತು ದಿನದಲ್ಲಿ ಮಾಡಿಸಿ ವಿಮಾನ ಹತ್ತುವ ಯೋಜನೆ ಬೇಡ.

ಥಿಯೇಟರಿನಲ್ಲಿ ನಡೆಯುವುದು

ಪೂರ್ತಿ ಅರಿವಳಿಕೆ ಕೊಟ್ಟು, ತಲೆಯ ಕಡೆ 15-20 ಡಿಗ್ರಿ ಎತ್ತರಿಸಿ ಮಲಗಿಸುತ್ತಾರೆ. ಅಷ್ಟು ಎತ್ತರದಿಂದಲೇ ರಕ್ತ ಒಸರುವುದು ಕಡಿಮೆಯಾಗುತ್ತದೆ. ಅಡ್ರಿನಲಿನ್‌ನಲ್ಲಿ ನೆನೆಸಿದ ಹತ್ತಿಪಟ್ಟಿಗಳನ್ನು ಮೂಗಿನಲ್ಲಿಟ್ಟು ಪೊರೆ ಕುಗ್ಗಿಸುತ್ತಾರೆ. ಕಣ್ಣುಗಳನ್ನು ಬಟ್ಟೆಯಿಂದ ಮುಚ್ಚುವುದಿಲ್ಲ. ಒಳಗೆ ಕಣ್ಣಿನ ಗೋಡೆಗೆ ಪೆಟ್ಟಾದರೆ ಹೊರಗೆ ಕಣ್ಣು ಅಲುಗುವುದೋ ಊದುವುದೋ ತಕ್ಷಣ ಕಾಣಲಿ ಎಂದು ತೆರೆದೇ ಇಡುತ್ತಾರೆ.

4 ಮಿ.ಮೀ. ದಪ್ಪದ ದುರ್ಬೀನು ಮೂಗಿನೊಳಗೆ, ಚಿತ್ರ ಪರದೆಯ ಮೇಲೆ. ನೇರ ನೋಡಲು 0 ಡಿಗ್ರಿ, ಮೂಲೆಗಳಿಗೆ 30, 45, 70 ಡಿಗ್ರಿ. ಮೊದಲು ಮೈಕ್ರೋಡಿಬ್ರೈಡರ್ ಎಂಬ, ಕತ್ತರಿಸುತ್ತ ಹೀರಿಕೊಳ್ಳುವ ಉಪಕರಣದಿಂದ ಪಾಲಿಪ್ ತೆಗೆಯುತ್ತಾರೆ. ಮುಂದಿನದು ನಿಮ್ಮ ಡಿಸ್ಚಾರ್ಜ್ ಹಾಳೆಯಲ್ಲಿ ಬರುವ ಪದಗಳು. ಅನ್ಸಿನೆಕ್ಟಮಿ ಎಂದರೆ ಕೆನ್ನೆಯ ಸೈನಸ್ ದ್ವಾರವನ್ನು ಮರೆಮಾಡಿದ ತೆಳುಮೂಳೆ ತೆಗೆಯುವುದು. ಮಿಡಲ್ ಮೀಟಲ್ ಆಂಟ್ರಾಸ್ಟಮಿ ಎಂದರೆ ಆ ದ್ವಾರ ಅಗಲ ಮಾಡುವುದು. ಎತ್ಮಾಯ್ಡೆಕ್ಟಮಿ ಎಂದರೆ ಕಣ್ಣುಗಳ ನಡುವಿನ ಜೇನುಗೂಡಿನಂಥ ಕೋಶಗಳ ಗೋಡೆ ಬಿಡಿಸಿ ಒಂದೇ ಕೋಣೆ ಮಾಡುವುದು. ಸ್ಫೀನಾಯ್ಡಾಟಮಿ ಹಿಂದಿನ ಸೈನಸ್ಸಿಗೆ, ಫ್ರಾಂಟಲ್ ರಿಸೆಸ್ ಹಣೆಯ ಸೈನಸ್ಸಿನ ದಾರಿಗೆ ಸಂಬಂಧಿಸಿದ್ದು. ನಡುಗೋಡೆ ತೀರಾ ವಕ್ರವಾಗಿ ದುರ್ಬೀನು ಹೋಗದಿದ್ದರೆ ಸೆಪ್ಟೋಪ್ಲಾಸ್ಟಿಯೂ ಸೇರುತ್ತದೆ. ಒಟ್ಟು ಒಂದರಿಂದ ಮೂರು ಗಂಟೆ. ಹೊರಗೆ ಹೊಲಿಗೆ ಇಲ್ಲ, ಮುಖದ ಮೇಲೆ ಕಲೆ ಇಲ್ಲ. ತೆಗೆದ ಮಾಂಸ ಬಯಾಪ್ಸಿಗೆ ಹೋಗಿದೆಯೇ ಎಂದು ಕೇಳಿ, ವರದಿ ಕೈಗೆ ತೆಗೆದುಕೊಳ್ಳಿ.

ಮಿದುಳು ನೀರು ಸೋರುವುದು, ಕಣ್ಣಿನ ಹಿಂದೆ ರಕ್ತ ಕಟ್ಟುವುದು, ದೃಷ್ಟಿಗೆ ಪೆಟ್ಟು ಇಂಥ ದೊಡ್ಡ ತೊಡಕುಗಳು ಅನುಭವಿಗಳ ಕೈಯಲ್ಲಿ ಒಟ್ಟು ನೂರಕ್ಕೆ ಒಂದರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಎರಡನೇ ಮೂರನೇ ಸಲದ ಆಪರೇಷನ್‌ನಲ್ಲಿ ಗುರುತುಗಳು ಅಳಿಸಿಹೋಗಿರುವುದರಿಂದ ಅಪಾಯ ಹೆಚ್ಚು.

ಮೊದಲ ಎರಡು ವಾರ

ಸ್ಪಂಜಿನಂಥ ಪ್ಯಾಕ್ ಇಟ್ಟಿದ್ದರೆ 24ರಿಂದ 48 ಗಂಟೆಯಲ್ಲಿ ತೆಗೆಯುತ್ತಾರೆ. ತೆಗೆಯುವ ಮೊದಲು ಉಪ್ಪುನೀರು ಹಾಕಿ ಚೆನ್ನಾಗಿ ನೆನೆಸಲು ಹೇಳಿ, ಒಣಪ್ಯಾಕ್ ಎಳೆದರೆ ನೋವೂ ರಕ್ತವೂ ಹೆಚ್ಚು. ಕರಗುವ ಪ್ಯಾಕ್ ಆದರೆ ತೆಗೆಯುವ ಕೆಲಸವಿಲ್ಲ. ಅದು ಚೂರುಚೂರಾಗಿ ಹೊರಬರುವುದನ್ನು ಕಂಡು ಗಾಬರಿಯಾಗಬೇಡಿ.

ತಲೆಗೆ ಎರಡು ದಿಂಬು ಇಟ್ಟು ಮಲಗಿ. ಎರಡು ವಾರ ಮೂಗು ಸೀದಬೇಡಿ. ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಿ. ಕಣ್ಣಿನ ಪಕ್ಕದ ಗೋಡೆ ಕಾಗದದಷ್ಟು ತೆಳು. ಅಲ್ಲಿ ಸಣ್ಣ ಬಿರುಕಿದ್ದು ನೀವು ಜೋರಾಗಿ ಸೀದಿದರೆ ಗಾಳಿ ರೆಪ್ಪೆಯೊಳಗೆ ನುಗ್ಗಿ ಕಣ್ಣು ಊದುತ್ತದೆ, ಬೆರಳಿಟ್ಟರೆ ಚರಚರ ಅನ್ನುತ್ತದೆ. ತುಂಬಿದ ಬಿಂದಿಗೆ, ಸಿಲಿಂಡರ್, ಮಗು ಎತ್ತುವುದು ಎರಡು ವಾರ ಬೇಡ. ಮಲಬದ್ಧತೆಗೆ ಅವಕಾಶ ಕೊಡಬೇಡಿ, ಮುಕ್ಕುವುದರಿಂದಲೂ ರಕ್ತ ಬರುತ್ತದೆ. ಊಟ ಬೆಚ್ಚಗಿರಲಿ, ತೀರಾ ಬಿಸಿ ಬೇಡ. ಕೂತು ಮಾಡುವ ಕೆಲಸಕ್ಕೆ ಒಂದು ವಾರಕ್ಕೆ ಹೋಗಬಹುದು, ಗದ್ದೆ-ಗಾರೆ ಕೆಲಸಕ್ಕೆ ಎರಡು-ಮೂರು ವಾರ. ಈಜು ಒಂದೂವರೆ ತಿಂಗಳು ಬೇಡ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕು.

ಒಂದೆರಡು ವಾರ ಕೆಂಪು-ಕಂದು ಲೋಳೆ ಬರುವುದು, ಮೂಗು ನೆಗಡಿಯಂತೆ ಕಟ್ಟಿರುವುದು, ಮೇಲಿನ ಹಲ್ಲು ಜೋಮು ಇವೆಲ್ಲ ಸಹಜ. ಹಸಿ ರಕ್ತ ಹರಿದರೆ ಕೂತು ಮುಂದಕ್ಕೆ ಬಾಗಿ, ಮೂಗಿನ ಮೃದುಭಾಗ ಒತ್ತಿ ಹಿಡಿದು, ಬಾಯಿಗೆ ಬಂದದ್ದನ್ನು ಉಗುಳಿ. 15 ನಿಮಿಷದಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ. ಕಣ್ಣು ಬಿಗಿದು ಊದಿಕೊಂಡು ನೋಯುತ್ತಿದ್ದರೆ, ದೃಷ್ಟಿ ಮಂಜಾದರೆ ಒಂದು ನಿಮಿಷವೂ ಕಾಯಬೇಡಿ. ಕಣ್ಣಿನ ನರಕ್ಕೆ ರಕ್ತ ನಿಂತರೆ ಒಂದೆರಡು ಗಂಟೆಯಲ್ಲೇ ದೃಷ್ಟಿ ಶಾಶ್ವತವಾಗಿ ಹೋಗಬಹುದು. ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿ, ಗಂಟಲಿಗಿಳಿದದ್ದು ಉಪ್ಪುಪ್ಪಾಗಿದ್ದರೆ ಅದು ಮಿದುಳು ನೀರಿರಬಹುದು. ಶುಭ್ರ ಶೀಸೆಯಲ್ಲಿ ಹಿಡಿದು ತೆಗೆದುಕೊಂಡು ಹೋಗಿ, ಬೀಟಾ–2 ಟ್ರಾನ್ಸ್‌ಫೆರಿನ್ ಪರೀಕ್ಷೆಯಿಂದ ಖಚಿತವಾಗುತ್ತದೆ. ಉಪ್ಪುನೀರು ತೊಳೆದ ಅರ್ಧ ಗಂಟೆಯಲ್ಲಿ ಸುರಿದದ್ದು ತೊಳೆದ ನೀರೇ, ಅದಕ್ಕೆ ಹೆದರಬೇಕಿಲ್ಲ.

ತೊಳೆಯುವುದು, ಹಕ್ಕಳೆ ತೆಗೆಸುವುದು

ವೈದ್ಯರು ಬೇರೆ ಹೇಳದಿದ್ದರೆ ಪ್ಯಾಕ್ ತೆಗೆದ ಮರುದಿನದಿಂದ ಉಪ್ಪುನೀರು ಶುರು. ಮೊದಲ ವಾರಗಳಲ್ಲಿ ದಿನಕ್ಕೆ 3-4 ಸಲ, ಮೆಲ್ಲಗೆ ಅದುಮಿ. ಹೊರಬರುವ ತುಣುಕುಗಳು ರಕ್ತ ಹೆಪ್ಪುಗಟ್ಟಿದ ಹಕ್ಕಳೆ. ಅವು ಒಳಗೇ ಉಳಿದರೆ ಸೇತುವೆಯಾಗಿ, ನಡುವಿನ ಟರ್ಬಿನೇಟ್ ಹೊರಗೋಡೆಗೆ ಅಂಟಿಕೊಳ್ಳುತ್ತದೆ. ತೆರೆದ ದ್ವಾರ ಮತ್ತೆ ಮುಚ್ಚಲು ಈ ಅಂಟಿಕೆಯೇ ದೊಡ್ಡ ಕಾರಣ. ಮನೆಯಲ್ಲಿ ತೊಳೆದದ್ದರಿಂದ ಎಲ್ಲ ಬರುವುದಿಲ್ಲ. ಅದಕ್ಕೇ ಒಂದನೇ ವಾರ, ಎರಡು-ಮೂರನೇ ವಾರ, ಆರನೇ ವಾರದ ಸುಮಾರಿಗೆ ವೈದ್ಯರು ದುರ್ಬೀನು ಹಾಕಿ ಉಳಿದದ್ದನ್ನು ತೆಗೆಯುತ್ತಾರೆ. ‘ಮೂಗು ಚೆನ್ನಾಗಿದೆ’ ಎಂದು ಈ ಭೇಟಿಗಳನ್ನು ತಪ್ಪಿಸಿಕೊಳ್ಳುವುದೇ ಆಪರೇಷನ್ ಕೆಡಲು ಎಲ್ಲಕ್ಕಿಂತ ಸುಲಭದ ದಾರಿ. ಹೋಗುವ ಅರ್ಧ ಗಂಟೆ ಮೊದಲು ಪ್ಯಾರಾಸಿಟಮಾಲ್ ನುಂಗಿ, ತೊಳೆದುಕೊಂಡು ಹೋದರೆ ನೋವು ಕಡಿಮೆ.

ಕೆಲವು ವಾರಗಳ ನಂತರ ಅನೇಕ ವೈದ್ಯರು ಬ್ಯುಡೆಸೋನೈಡ್ ಎಂಬ ಸ್ಟೀರಾಯ್ಡ್‌ನ ರೆಸ್ಪ್ಯೂಲ್ ಅನ್ನು ಉಪ್ಪುನೀರಿನ ಬಾಟಲಿಗೆ ಸೇರಿಸಿ ತೊಳೆಯಲು ಹೇಳುತ್ತಾರೆ. ನೆಬ್ಯುಲೈಜರ್‌ಗೆ ಹಾಕುವ ಅದೇ ಪುಟ್ಟ ಪ್ಲಾಸ್ಟಿಕ್ ಕೊಳವೆ, 2 ಮಿ.ಲೀ. ದ್ರವ, 0.5 ಅಥವಾ 1 ಮಿ.ಗ್ರಾಂ. ಔಷಧ. ಆಪರೇಷನ್ ಮೊದಲು ಈ ನೀರು ಸೈನಸ್ಸಿನೊಳಗೆ ಅಷ್ಟಾಗಿ ಹೋಗುವುದಿಲ್ಲ. ಈಗ ಹೋಗುತ್ತದೆ. ಬೇಸಿನ್ ಮೇಲೆ ಬಾಗಿ, ನೆತ್ತಿ ನೆಲದ ಕಡೆ ತಿರುಗುವಂತೆ ತಲೆ ಬಗ್ಗಿಸಿ ತೊಳೆದರೆ ಹಣೆಯ ಸೈನಸ್‌ಗೂ ತಲುಪುತ್ತದೆ. ತೊಳೆದ ಮೇಲೆ ಬಾಯಿ ಮುಕ್ಕಳಿಸಿ.

ಪೊರೆ ಮಾಯಲು 6ರಿಂದ 12 ವಾರ ಬೇಕು. ವಾಸನೆ ಕೆಲವರಿಗೆ ಎರಡೇ ವಾರದಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಬರುತ್ತದೆ, ಹೊಸ ನೆಗಡಿಯಾದಾಗ ಹೋಗಿ ಮತ್ತೆ ಬರುತ್ತದೆ.

ಮರುಕಳಿಸಿದರೆ

ಬೆಲ್ಜಿಯಂನ ಗೆಂಟ್‌ನಲ್ಲಿ ಆಪರೇಷನ್ ಆದವರನ್ನು 12 ವರ್ಷ ಗಮನಿಸಿದಾಗ ಐವರಲ್ಲಿ ಸುಮಾರು ನಾಲ್ವರಿಗೆ ಎಂಡೋಸ್ಕೋಪಿನಲ್ಲಿ ಪಾಲಿಪ್ ಮತ್ತೆ ಕಂಡಿತು. ಆದರೆ ಇನ್ನೊಂದು ಆಪರೇಷನ್ ಬೇಕಾದದ್ದು ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಮಂದಿಗೆ. ಅಂದರೆ ಪಾಲಿಪ್ ಕಂಡವರೆಲ್ಲರೂ ಮತ್ತೆ ಥಿಯೇಟರಿಗೆ ಹೋಗಲಿಲ್ಲ. ಸಣ್ಣದಿದ್ದಾಗಲೇ ಸಿಕ್ಕರೆ ಸ್ಪ್ರೇ ಪ್ರಮಾಣ ಏರಿಸಿ, ಬ್ಯುಡೆಸೋನೈಡ್ ತೊಳೆತ ಹಿಡಿದು ತಡೆಯಲು ಅವಕಾಶವಿದೆ. ಹೀಗಾಗಿ ಲಕ್ಷಣ ಇರಲಿ ಇಲ್ಲದಿರಲಿ ಮೊದಲ ವರ್ಷ 3-4 ತಿಂಗಳಿಗೊಮ್ಮೆ, ಆಮೇಲೆ 6 ತಿಂಗಳಿಗೋ ವರ್ಷಕ್ಕೋ ಒಂದು ಎಂಡೋಸ್ಕೋಪಿ ಮಾಡಿಸಿ. ವಾಸನೆ ಮಂಕಾಗುವುದೇ ಮರುಕಳಿಕೆಯ ಮೊದಲ ಸೂಚನೆ, ಕಾಫಿಪುಡಿ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿ ಬರೆದಿಡಿ.

ಆಪರೇಷನ್ ಆದರೂ, ಔಷಧ ಸರಿಯಾಗಿ ಬಳಸಿದರೂ ಹಟ ಹಿಡಿದ ಕಾಯಿಲೆಗೆ, ಉರಿಯೂತ ಕೆರಳಿಸುವ ಸಂಕೇತಗಳನ್ನೇ ತಡೆಯುವ ಬಯೋಲಾಜಿಕ್ ಇಂಜೆಕ್ಷನ್‌ಗಳಿವೆ. ಅಮೆರಿಕದಲ್ಲಿ ಡುಪಿಲುಮಾಬ್‌ಗೆ 2019ರಲ್ಲಿ ಪಾಲಿಪ್‌ಗಾಗಿ ಒಪ್ಪಿಗೆ ಸಿಕ್ಕಿತು, 300 ಮಿ.ಗ್ರಾಂ. ಎರಡು ವಾರಕ್ಕೊಮ್ಮೆ ಚರ್ಮದಡಿ ಚುಚ್ಚಬೇಕು. ಆಸ್ತಮಾವೂ ಇದ್ದವರಿಗೆ ಎರಡಕ್ಕೂ ಅನುಕೂಲ. ನಿಲ್ಲಿಸಿದರೆ ಕಾಯಿಲೆ ಮರಳಬಹುದು, ಬೆಲೆಯೂ ದುಬಾರಿ. ನಮ್ಮ ಅಭಿಪ್ರಾಯದಲ್ಲಿ, ಬೇರೆ ಅಡ್ಡಿ ಇಲ್ಲದವರು ಪೂರ್ಣ ಪ್ರಮಾಣದ ಫೆಸ್ ಮತ್ತು ಕ್ರಮಬದ್ಧ ತೊಳೆತ ಮುಗಿಸಿ ನೋಡದೆ ಮೊದಲಿಗೇ ಅದಕ್ಕೆ ಕೈ ಹಾಕುವುದು ಬೇಡ. ಸ್ಯಾಮ್ಟರ್ ತ್ರಿಕೂಟದವರು ಒಗ್ಗದ ನೋವಿನ ಮಾತ್ರೆಗಳ ಹೆಸರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಹಲ್ಲು ಕೀಳಿಸಲು ಹೋದಾಗಲೂ, ಮೊಣಕಾಲು ನೋವಿಗೆ ಹೋದಾಗಲೂ ಅದನ್ನೇ ಮೊದಲು ತೋರಿಸಿ.